ರೂಟರ್ ಮೇಲಿನ ಸ್ಕ್ರಿಪ್ಟ್ ಹೊರೆ ಇಳಿಸುವುದು ಹೇಗೆ?

ಜಾಹೀರಾತು ತಡೆಯೋಕೆ ಅಂತ ರೂಟರ್‌ಗೆ ಒಂದು ಸ್ಕ್ರಿಪ್ಟ್ (ತಾನೇ ಓಡುವ ಪುಟ್ಟ ಪ್ರೋಗ್ರಾಂ) ಹಾಕುತ್ತೇವೆ. ಮುಂದಿನ ಅಪ್‌ಡೇಟ್‌ನಲ್ಲಿ ಅದಕ್ಕೆ ಗ್ರಾಫ್ ಬರುತ್ತದೆ, ಆಮೇಲೆ ಒಂದೊಂದು ಫೋನಿನ ಲೆಕ್ಕ, ಆಮೇಲೆ ಇಮೇಲ್ ವರದಿ. ಯಾವುದನ್ನೂ ಬೇಡ ಅನ್ನಲು ಮನಸ್ಸಾಗುವುದಿಲ್ಲ. ಆದರೆ ಇದೆಲ್ಲ ಓಡಬೇಕಾದ್ದು 256 ಅಥವಾ 512 ಎಂಬಿ ಮೆಮೊರಿಯ ಪುಟ್ಟ ಪೆಟ್ಟಿಗೆಯಲ್ಲಿ, ಅಲ್ವಾ? ನನ್ನ ರೂಟರ್‌ನಲ್ಲಿ ಹೀಗೇ ಏಳು ಸ್ಕ್ರಿಪ್ಟ್ ಸೇರಿಕೊಂಡಿದ್ದವು. ಸರಿಯಾಗಿ ಗಂಟೆ ಗಂಟೆಗೂ ವಿಡಿಯೊ ಕರೆ ತಡವರಿಸುತ್ತಿತ್ತು.

ಮೊದಲು ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದಿಡಿ. ನಂತರ ಎಸ್‌ಎಸ್‌ಎಚ್ (ಕಂಪ್ಯೂಟರ್‌ನಿಂದ ರೂಟರ್‌ಗೆ ಆದೇಶ ಟೈಪ್ ಮಾಡುವ ದಾರಿ) ಮೂಲಕ ಒಳಗೆ ಹೋಗಿ ‘ಟಾಪ್’ (top) ಓಡಿಸಿ. ಏನೇನು ಓಡುತ್ತಿದೆ ಅಂತ ಅದು ತೋರಿಸುತ್ತದೆ. ಲೋಡ್ ಆವರೇಜ್, ಅಂದರೆ ಕೆಲಸದ ಹೊರೆ, ಎಂದು ಮೂರು ಅಂಕಿ ಕಾಣುತ್ತವೆ: ಕಳೆದ 1, 5 ಮತ್ತು 15 ನಿಮಿಷದ ಸರಾಸರಿ. ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಇರುವ ರೂಟರ್‌ನಲ್ಲಿ ಅದು 4ರ ಮೇಲೆಯೇ ನಿಂತಿದ್ದರೆ ಸಾಮಾನ್ಯವಾಗಿ ಕೆಲಸಗಳು ಸರದಿಯಲ್ಲಿ ಕಾಯುತ್ತಿವೆ ಅಂತ. ಮೆಮೊರಿಯಲ್ಲಿ ‘ಫ್ರೀ’ ಕಡಿಮೆ ಇದೆ ಅಂತ ಸುಮ್ನೆ ಗಾಬರಿಯಾಗಬೇಡಿ. ಖಾಲಿ ಜಾಗವನ್ನು ರೂಟರ್ ಒಳಗಿನ ಲಿನಕ್ಸ್ ತಾನೇ ಕ್ಯಾಶ್‌ಗೆ (ಮತ್ತೆ ಬೇಕಾಗಬಹುದಾದ ಡೇಟಾದ ತಾತ್ಕಾಲಿಕ ಸಂಗ್ರಹಕ್ಕೆ) ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ.

ಮುಂದೆ ಕ್ರಾನ್ ಪಟ್ಟಿ, ಅಂದರೆ ಯಾವ ಕೆಲಸ ಯಾವ ಹೊತ್ತಿಗೆ ತಾನೇ ಓಡಬೇಕು ಅನ್ನುವ ವೇಳಾಪಟ್ಟಿ. ಅದನ್ನು ನೋಡಲು ಮರ್ಲಿನ್ ಫರ್ಮ್‌ವೇರ್‌ನಲ್ಲಿ (ಏಸಸ್ ರೂಟರ್‌ಗಳಿಗೆ ಹಾಕುವ ಬದಲಿ ತಂತ್ರಾಂಶ) ‘ಕ್ರು ಎಲ್’ (cru l), ಓಪನ್‌ಡಬ್ಲ್ಯುಆರ್‌ಟಿ ಎಂಬ ಇನ್ನೊಂದು ಬದಲಿ ತಂತ್ರಾಂಶದಲ್ಲಿ ‘ಕ್ರಾನ್‌ಟ್ಯಾಬ್ -ಎಲ್’ (crontab -l). ಪ್ರತಿ ಸಾಲಿನ ಮೊದಲ ಅಂಕಿ ನಿಮಿಷ. ನನ್ನಲ್ಲಿ ಮೂರು ಸಾಲಿನಲ್ಲಿ ಅದು 0 ಇತ್ತು, ಅಂದರೆ ತಡೆಪಟ್ಟಿಯ ಅಪ್‌ಡೇಟ್, ವೇಗ ಪರೀಕ್ಷೆ, ಅಂಕಿಅಂಶ ಮೂರೂ ಒಂದೇ ಕ್ಷಣಕ್ಕೆ ಎದ್ದು ಕೂರುತ್ತಿದ್ದವು. ಬೇರೆ ಬೇರೆ ನಿಮಿಷಕ್ಕೆ ಹಂಚಿದೆ. ವೇಗ ಪರೀಕ್ಷೆಯನ್ನು ಪೂರ್ತಿ ತೆಗೆದೆ, ಯಾಕೆಂದರೆ ಅದು ಓಡುವಷ್ಟು ಹೊತ್ತೂ ಇಡೀ ಲೈನನ್ನೇ ತುಂಬಿಬಿಡುತ್ತದೆ.

ಜಾಸ್ತಿ ಏಟು ಬೀಳುವ ಜಾಗ ಬೇರೆಯೇ ಇದೆ. ಎಷ್ಟೋ ರೂಟರ್‌ಗಳಲ್ಲಿ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ಮುಖ್ಯ ಪ್ರೊಸೆಸರ್‌ಗೆ ತೊಂದರೆ ಕೊಡದೆ, ಹಾರ್ಡ್‌ವೇರ್ ಆಕ್ಸಲರೇಶನ್ ಎಂಬ ಅಡ್ಡದಾರಿಯಲ್ಲಿ ಸಾಗುತ್ತವೆ. ಕೆಲವು ಕ್ಯುಒಎಸ್ (ಯಾವ ಡೇಟಾಗೆ ಮೊದಲ ಆದ್ಯತೆ ಅಂತ ನಿರ್ಧರಿಸುವ ವ್ಯವಸ್ಥೆ) ವಿಧಾನಗಳು ಪ್ರತಿ ಪ್ಯಾಕೆಟ್ಟನ್ನೂ ಕಣ್ಣಾರೆ ನೋಡಬೇಕಾದ್ದರಿಂದ ಆ ದಾರಿಯನ್ನೇ ಮುಚ್ಚಿಸುತ್ತವೆ. ನಿಧಾನದ ಲೈನಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಗಿಗಾಬಿಟ್ ಲೈನಿನಲ್ಲಿ ವೇಗ ಧೊಪ್ಪನೆ ಬೀಳಬಹುದು. ಆದ್ದರಿಂದ ಕ್ಯುಒಎಸ್ ಇಟ್ಟು ಒಮ್ಮೆ, ತೆಗೆದು ಒಮ್ಮೆ, ತಂತಿಯಲ್ಲಿ ಜೋಡಿಸಿದ ಕಂಪ್ಯೂಟರ್‌ನಿಂದಲೇ ಅಳೆಯಿರಿ. ರೂಟರ್ ಒಳಗಿನಿಂದ ಅಳೆದರೆ ಲೈನಿಗಿಂತ ಪ್ರೊಸೆಸರ್‌ನ ಮಿತಿಯೇ ಕಾಣಿಸಬಹುದು.

ಅಪಾಯಕಾರಿ ವಿಳಾಸಗಳನ್ನು ತಡೆಯುವ ಫೈರ್‌ವಾಲ್ ಪಟ್ಟಿ ದೊಡ್ಡದಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕಿತ್ತುಹಾಕಬೇಡಿ. ಅದು ಐಪಿಸೆಟ್ (ವಿಳಾಸಗಳನ್ನೆಲ್ಲ ಒಂದೇ ಗುಂಪಾಗಿ ಇಡುವ ಸೌಲಭ್ಯ) ಬಳಸುತ್ತಿದ್ದರೆ ಸಾವಿರಾರು ವಿಳಾಸಗಳಿದ್ದರೂ ಹುಡುಕಾಟ ನಿಧಾನವಾಗುವುದಿಲ್ಲ, ಮೆಮೊರಿ ಮಾತ್ರ ಹಿಡಿಯುತ್ತದೆ. ಒಂದೊಂದು ವಿಳಾಸಕ್ಕೂ ಒಂದೊಂದು ನಿಯಮ ಬರೆಯುವ ಸ್ಕ್ರಿಪ್ಟ್ ಆದರೆ ಖಂಡಿತ ಬೇಡ.

ತೆಗೆಯುವಾಗ ಒಂದು ಸಲಕ್ಕೆ ಒಂದೇ. ರೀಬೂಟ್ ಮಾಡಿ, ಒಂದು ದಿನ ನೋಡಿ, ಆಮೇಲೆ ಮುಂದಿನದು. ಸ್ಕ್ರಿಪ್ಟ್‌ನ ಮೆನುವಿನಲ್ಲೇ ಇರುವ ಅನ್‌ಇನ್‌ಸ್ಟಾಲ್ ಬಳಸಿ. ಫೈಲ್ ಮಾತ್ರ ಅಳಿಸಿದರೆ ರೂಟರ್ ಶುರುವಾಗುವಾಗ ಓಡುವ ‘ಸರ್ವಿಸಸ್-ಸ್ಟಾರ್ಟ್’ನಂಥ (services-start) ಫೈಲುಗಳಲ್ಲಿ ಅದರ ಸಾಲುಗಳು ಹಾಗೇ ಉಳಿದುಬಿಡುತ್ತವೆ.

ನಾನು ಕೊನೆಗೆ ಉಳಿಸಿಕೊಂಡಿದ್ದು ಜಾಹೀರಾತು ತಡೆ ಮತ್ತು ಫೈರ್‌ವಾಲ್ ಪಟ್ಟಿ, ಎರಡೇ. ಗ್ರಾಫ್ ಬೇಕೇ ಬೇಕು ಅನ್ನುವವರು ರಿಮೋಟ್ ಸಿಸ್‌ಲಾಗ್ (ರೂಟರ್‌ನ ಲಾಗ್, ಅಂದರೆ ದಾಖಲೆಯನ್ನು ಬೇರೆ ಕಡೆ ಕಳಿಸುವ) ಸೆಟ್ಟಿಂಗ್‌ನಲ್ಲಿ ಮನೆಯ ಬೇರೊಂದು ಕಂಪ್ಯೂಟರ್‌ನ ವಿಳಾಸ ಕೊಟ್ಟು, ಲಾಗ್ ಅಲ್ಲಿಗೆ ಕಳಿಸಿ, ಗ್ರಾಫ್ ಅಲ್ಲೇ ಬರೆಸಿಕೊಳ್ಳಿ.