ಫುಟ್‌ಪಾತ್ ಸರಿ ಮಾಡಿಸಬೇಕಾ? ಮೊದಲು ಟೇಪ್ ಹಿಡಿದು ಹೊರಡಿ

ಎರಡು ವರ್ಷದ ಹಿಂದೆ ನಮ್ಮಮ್ಮ ಬೆಳಿಗ್ಗೆ ಹಾಲು ತರಲು ಹೋದವರು ಫುಟ್‌ಪಾತ್ ಮೇಲಿನ ಒಡೆದ ಚಪ್ಪಡಿಯಲ್ಲಿ ಕಾಲು ಸಿಕ್ಕಿಕೊಂಡು ಬಿದ್ದರು. ಪಾದದ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ ಹಾಕಿಸಿಕೊಂಡು ಮನೆಯಲ್ಲೇ ಇದ್ದರು. ಆ ಚಪ್ಪಡಿ ಬಗ್ಗೆ ನಾನು ಅದಕ್ಕೆ ಮೊದಲೇ ಮೂರು ಸಲ ದೂರು ಕೊಟ್ಟಿದ್ದೆ. "ನಮ್ಮ ರಸ್ತೆಯ ಫುಟ್‌ಪಾತ್ ಹಾಳಾಗಿದೆ, ದಯವಿಟ್ಟು ಸರಿಪಡಿಸಿ" ಅಂತ ಬರೆದಿದ್ದೆ. ಮೂರು ಸಲವೂ ದೂರು ಪರಿಹಾರವಾಗಿದೆ ಅಂತ ಮೆಸೇಜ್ ಬಂತು, ಆದರೆ ಜಾಗಕ್ಕೆ ಯಾರೂ ಬಂದಿರಲಿಲ್ಲ.

ನಾಲ್ಕನೇ ಸಲ ಬೇರೆ ಥರ ಬರೆದೆ. ಇಂಥ ಅಡ್ಡರಸ್ತೆ, ಇಂಥ ನಂಬರಿನ ಕಂಬದ ಪಕ್ಕ, ಮೂರು ಚಪ್ಪಡಿ ಇಲ್ಲ, ಕೆಳಗಿನ ಮೋರಿ ಇಷ್ಟು ಅಡಿ ಆಳ, ಇಲ್ಲಿ ಈ ದಿನ ಒಬ್ಬರು ಬಿದ್ದಿದ್ದಾರೆ, ಫೋಟೊ ಜೊತೆಗಿದೆ. ಹತ್ತು ದಿನದೊಳಗೆ ಹೊಸ ಚಪ್ಪಡಿ ಕೂತಿತು. ದೂರು ಮೊಗಮ್ಮಾಗಿದ್ದರೆ ಮುಚ್ಚಿ ಹಾಕುವುದು ಸುಲಭ. ಅಳತೆ, ಜಾಗ, ತಾರೀಖು ಇದ್ದರೆ ಅಷ್ಟು ಸುಲಭ ಅಲ್ಲ.

ಹಾಗಾಗಿ ಮೊದಲು ನಿಮ್ಮ ಬೀದಿಯಲ್ಲಿ ನಡೆಯಿರಿ. ಎರಡು ಸಲ: ಒಮ್ಮೆ ಶಾಲೆ ಬಿಡುವ ಹೊತ್ತಿಗೆ, ಇನ್ನೊಮ್ಮೆ ರಾತ್ರಿ ಎಂಟರ ಮೇಲೆ. ಒಬ್ಬರೇ ಹೋಗಬೇಡಿ. ವಯಸ್ಸಾದವರೊಬ್ಬರನ್ನು, ಒಂದು ಮಗುವನ್ನು, ಗಾಲಿಕುರ್ಚಿ ಬಳಸುವವರು ಪಕ್ಕದಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಯಾಕೆಂದರೆ ನಾವು ಸರಕ್ಕನೆ ದಾಟಿ ಹೋಗುವ ಜಾಗದಲ್ಲೇ ಅವರು ನಿಂತುಬಿಡುತ್ತಾರೆ, ಸಮಸ್ಯೆ ಇರುವುದೂ ಅಲ್ಲೇ. ಅವರು ಎಲ್ಲೆಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದರು ಅಂತ ಬರೆದುಕೊಳ್ಳಿ. ಈ ಪಟ್ಟಿಯೇ ನಿಮ್ಮ ಅರ್ಜಿಯ ಜೀವ.

ಟೇಪ್ ಹಿಡಿದಾಗ ಫುಟ್‌ಪಾತಿನ ಒಟ್ಟು ಅಗಲ ಅಳೆದರೆ ಸಾಲದು. ಟ್ರಾನ್ಸ್‌ಫಾರ್ಮರ್, ಮರ, ಬೋರ್ಡು, ನಿಲ್ಲಿಸಿದ ಸ್ಕೂಟರ್ ಎಲ್ಲ ಬಿಟ್ಟು ನಡೆಯಲು ಉಳಿಯುವ ಜಾಗ ಎಷ್ಟು ಅಂತ ಅಳೆಯಿರಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಪ್ರಕಾರ ಮನೆಗಳಿರುವ ಪ್ರದೇಶದಲ್ಲೂ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಬೇಕು, ವ್ಯಾಪಾರ ಪ್ರದೇಶದಲ್ಲಿ ಕನಿಷ್ಠ 2.5 ಮೀಟರ್. ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮ ಬೀದಿಯಲ್ಲಿ ಅಳೆದಾಗ ಒಂದು ಕಡೆ 40 ಸೆಂಟಿಮೀಟರ್ ಉಳಿದಿತ್ತು. ಇನ್ನೊಂದು ಕಡೆ ಅಂಚುಕಲ್ಲು ಮೊಣಕಾಲಿನ ಹತ್ತಿರ ಬರುತ್ತಿತ್ತು. ಮೊಣಕಾಲು ನೋವಿರುವ ಅಜ್ಜಿ ಅದನ್ನು ಹೇಗೆ ಹತ್ತಬೇಕು, ಹೇಳಿ? ಉರಿಯದ ಬೀದಿದೀಪಗಳ ಕಂಬದ ನಂಬರ್ ಕೂಡ ಬರೆದುಕೊಳ್ಳಿ.

ಆಮೇಲೆ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಬೇಕು. ಜನ ಕಚೇರಿಯಿಂದ ಕಚೇರಿಗೆ ಜಾಸ್ತಿ ಅಲೆಯುವುದು ಈ ವಿಷಯದಲ್ಲೇ. ಬೆಂಗಳೂರಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಿವೆ. ನಿಮ್ಮದು ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಬೇರೆ ಊರಲ್ಲಿ ಪುರಸಭೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿ. ಆದರೆ ಊರ ನಡುವೆ ಹಾದುಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ರಾಷ್ಟ್ರೀಯ ಹೆದ್ದಾರಿಯೋ ಆಗಿರಬಹುದು. ಹೆದ್ದಾರಿಗೆ ಸಹಾಯವಾಣಿ 1033, ಬೆಂಗಳೂರಿನ ಪಾಲಿಕೆ ದೂರಿಗೆ 1533, ರಾಜ್ಯ ಸರ್ಕಾರದ ಯಾವುದೇ ಇಲಾಖೆಗೆ 1902. ಟ್ರಾನ್ಸ್‌ಫಾರ್ಮರ್ ವಿಷಯಕ್ಕೆ ಬೆಸ್ಕಾಂ, ಅಗೆದು ಬಿಟ್ಟ ಪೈಪ್ ಗುಂಡಿಗೆ ಜಲಮಂಡಳಿ. ಒಂದೇ ಅರ್ಜಿಯಲ್ಲಿ ಎಲ್ಲ ಸೇರಿಸಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೇರೆ ಬೇರೆ ಬರೆಯಿರಿ.

ಏನು ಕೇಳಬೇಕು ಅನ್ನುವುದರಲ್ಲಿ ನಾವು ದೊಡ್ಡ ತಪ್ಪು ಮಾಡುತ್ತೇವೆ. ಒಂದು ಅಪಘಾತ ಆದ ಕೂಡಲೇ ಎಲ್ಲರೂ "ಹಂಪ್ ಹಾಕಿಸಿ" ಅನ್ನುತ್ತಾರೆ, ರಾತ್ರೋರಾತ್ರಿ ಯಾರೋ ಡಾಂಬರು ಗುಡ್ಡೆ ಹಾಕುತ್ತಾರೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಮಳೆ ರಾತ್ರಿ ಬೈಕಿನಲ್ಲಿ ಬರುವವರು, ಹಿಂದೆ ಕೂತ ಹೆಂಗಸರು ಅದೇ ಹಂಪಿನಿಂದ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಹಂಪ್‌ಗೂ ಅಳತೆ ಇದೆ. ಐಆರ್‌ಸಿ 99ರ ಪ್ರಕಾರ ಸುಮಾರು ಮೂರೂವರೆ ಮೀಟರ್ ಉದ್ದಕ್ಕೆ ಹರಡಿಕೊಂಡು, ಮಧ್ಯದಲ್ಲಿ 10 ಸೆಂಟಿಮೀಟರ್ ಎತ್ತರ ಇರಬೇಕು. ಗಾಡಿ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ಹತ್ತಿಳಿಯುವ ಲೆಕ್ಕ ಅದು. ಅದಕ್ಕಿಂತ ಒಳ್ಳೆಯದು ಶಾಲೆ, ಬಸ್ ಸ್ಟಾಪ್, ಆಸ್ಪತ್ರೆ ಮುಂದೆ ಜೀಬ್ರಾ ಕ್ರಾಸಿಂಗನ್ನೇ ಫುಟ್‌ಪಾತಿನ ಎತ್ತರಕ್ಕೆ ಏರಿಸುವುದು. ಗಾಡಿಯ ವೇಗವೂ ಇಳಿಯುತ್ತದೆ, ಗಾಲಿಕುರ್ಚಿಯೂ ಸಲೀಸಾಗಿ ದಾಟುತ್ತದೆ. ನನ್ನನ್ನು ಕೇಳಿದರೆ ಇದಕ್ಕೇ ಹಟ ಹಿಡಿಯಿರಿ. ವೇಗ ಅಷ್ಟು ಮುಖ್ಯ ಯಾಕೆ ಅಂದರೆ, ವೇಗ ಎರಡು ಪಟ್ಟು ಆದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು ಆಗುತ್ತದೆ. 2020ರ ಫೆಬ್ರವರಿಯಲ್ಲಿ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ಗಾಡಿ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಲಿ ಅಂದಿದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತು. ಫುಟ್‌ಪಾತ್ ಅಂದ ಕೂಡಲೇ ಸೊಪ್ಪು ಮಾರುವವರನ್ನು ಎಬ್ಬಿಸಿ ಅಂತ ಬರೆಯಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ, ಜಾಗ ಗೊತ್ತು ಮಾಡಲು ಪಟ್ಟಣ ಮಾರಾಟ ಸಮಿತಿ ಇದೆ. ನಮ್ಮ ಬೀದಿಯಲ್ಲಿ ಅಳೆದಾಗ ಜಾಗ ಹೆಚ್ಚು ತಿಂದಿದ್ದು ಕಾರುಗಳು ಮತ್ತು ಮನೆ ಗೇಟಿನ ಮುಂದಿನ ಸಿಮೆಂಟ್ ಇಳಿಜಾರುಗಳು. ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಒಬ್ಬಳೇ ಬರುವ ಹುಡುಗಿಗೆ ಮೂಲೆಯ ಹೂವಿನ ಗಾಡಿಯ ದೀಪ ಎಷ್ಟು ಧೈರ್ಯ ಕೊಡುತ್ತದೆ ಅಂತ ಅವಳನ್ನೇ ಕೇಳಿ.

ಅರ್ಜಿ ಒಂದು ಪುಟ ಮೀರದಿರಲಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಇದನ್ನು ಒಂದು ಸಾಲಲ್ಲಿ ಸೇರಿಸಿ. ಮೋಟಾರು ವಾಹನ ಕಾಯ್ದೆಯ 198ಎ ಕಲಂ ಕೂಡ ಸೇರಿಸಿ: ರಸ್ತೆಯ ವಿನ್ಯಾಸ, ನಿರ್ವಹಣೆ ನಿಗದಿಯಂತೆ ಇಲ್ಲದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಬೆದರಿಸುವ ಧಾಟಿ ಬೇಡ, ಮಾಹಿತಿ ಅಂತ ಬರೆದರೆ ಸಾಕು. ಆ್ಯಪ್‌ನಲ್ಲಿ ಹಾಕಿದರೂ ಕಾಗದದ ಪ್ರತಿ ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಶಾಲೆಯ ಮುಖ್ಯೋಪಾಧ್ಯಾಯರ ಪತ್ರ ಜೊತೆಗಿದ್ದರೆ ತೂಕ ಬೇರೆ.

ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಆಗ ನಮ್ಮ ಮಾತು ದಾಖಲಾಗುತ್ತಿದ್ದ ಜಾಗ ವಾರ್ಡ್ ಸಮಿತಿ ಸಭೆ. ನಿಮ್ಮ ವಾರ್ಡಿನಲ್ಲಿ ಆ ಸಭೆ ನಡೆಯುತ್ತಿದ್ದರೆ ಅಲ್ಲಿಗೆ ಹೋಗಿ, ನಿಮ್ಮ ವಿಷಯ ನಡಾವಳಿಯಲ್ಲಿ ಬರೆಸಿ. ಹಳ್ಳಿಯಲ್ಲಾದರೆ ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. ಪದೇ ಪದೇ ಸಾವು ಆಗುವ ತಿರುವು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ನಮ್ಮಲ್ಲಿ ಇಂಥ ಕೆಲಸ ಆಗುವುದಿಲ್ಲ ಅಂತ ಯಾರಾದರೂ ಅಂದರೆ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಫೋಟೊ ತೋರಿಸಿ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ಅಲ್ಲಿ ಪೈಪು, ಕೇಬಲ್ಲುಗಳಿಗೆ ನೆಲದಡಿ ಜಾಗ ಮಾಡಿ, ಮೇಲೆ ಅಗಲ ಫುಟ್‌ಪಾತ್ ಹಾಕಿದರು. ಅದೂ ಇದೇ ಊರಲ್ಲೇ ಆಗಿದ್ದು, ಅಲ್ವಾ?

ಒಂದು ತಿಂಗಳು ಕಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ದಾಖಲೆ ಕೇಳಿ: ಈ ರಸ್ತೆಗೆ ಕೊಟ್ಟ ಕಾರ್ಯಾದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ, ದೋಷ ಬಂದರೆ ಗುತ್ತಿಗೆದಾರರೇ ಸರಿಮಾಡಿಕೊಡಬೇಕಾದ ಅವಧಿ ಯಾವಾಗ ಮುಗಿಯುತ್ತದೆ ಅನ್ನುವ ವಿವರ. ಈ ಕೊನೆಯದ್ದು ಬಹಳ ಮುಖ್ಯ. ಅವಧಿ ಇನ್ನೂ ಇದ್ದರೆ ಹೊಸ ಹಣ ಮಂಜೂರಾಗುವವರೆಗೆ ಕಾಯಬೇಕಿಲ್ಲ.

ಕೆಲಸ ಶುರುವಾದ ದಿನ ಮತ್ತೆ ಟೇಪ್ ತಗೊಂಡು ಹೋಗಿ. ಕಾಂಕ್ರೀಟ್ ಹಸಿ ಇರುವಾಗಲೇ ಅಗಲ, ಎತ್ತರ ನೋಡಿ, ತಪ್ಪಿದ್ದರೆ ಅಲ್ಲೇ ಎಂಜಿನಿಯರಿಗೆ ಫೋನ್ ಮಾಡಿ. ಕೆಲಸದವರಿಗೆ ನೀರು, ಚಹಾ ಕೊಡಿ, ಬಿಸಿಲಲ್ಲಿ ಕಲ್ಲು ಹೊರುವವರು ಅವರು. ಎಲ್ಲ ಮುಗಿದ ಮೇಲೆ ಮೊದಲ ದಿನ ಜೊತೆಗೆ ಬಂದಿದ್ದ ಅದೇ ಹಿರಿಯರನ್ನು, ಅದೇ ಮಗುವನ್ನು ಕರೆದುಕೊಂಡು ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಅವರು ಈಗಲೂ ರಸ್ತೆಗೆ ಇಳಿಯುವ ಜಾಗ ಉಳಿದಿದ್ದರೆ ಮುಂದಿನ ಅರ್ಜಿ ಅಲ್ಲಿಂದ ಶುರು. ನಮ್ಮಮ್ಮ ಈಗ ಹಾಲಿನ ಅಂಗಡಿಯವರೆಗೆ ಫುಟ್‌ಪಾತ್ ಬಿಟ್ಟು ಇಳಿಯುವುದು ಒಂದೇ ಕಡೆ, ಆ ಟ್ರಾನ್ಸ್‌ಫಾರ್ಮರ್ ಹತ್ತಿರ. ಅದರ ಅರ್ಜಿಗೆ ಹೋದ ಸೋಮವಾರ ಸೀಲು ಬಿದ್ದಿದೆ.