ಯಾಳಿ ಪಡೆಗೆ ಮೇವು ಎಲ್ಲಿಂದ?

ನಾನು ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯಲ್ಲಿ ಸೈನಿಕರು ಯಾಳಿ, ಅಂದರೆ ಸಿಂಹದ ಮೈಯ ಕಾಲ್ಪನಿಕ ಪ್ರಾಣಿ, ಏರಿ ಯುದ್ಧಕ್ಕೆ ಹೋಗುತ್ತಾರೆ. ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳನ್ನು ನೋಡಿದವರಿಗೆ ಈ ಪ್ರಾಣಿ ಹೊಸದೇನಲ್ಲ. ಪ್ರಾಣಿ ಕಲ್ಪನೆಯದಾದರೂ ದಂಡು ನಿಜವಾದ ದಂಡಿನ ಹಾಗೇ ನಡೆಯಬೇಕು ಅನ್ನುವ ಹಟದಿಂದ 1520ರ ರಾಯಚೂರು ಯುದ್ಧವನ್ನು ಮಾದರಿಯಾಗಿಟ್ಟುಕೊಂಡೆ. ಒಂದು ಕಡೆ ಕೃಷ್ಣದೇವರಾಯ, ಇನ್ನೊಂದು ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ. ಆ ಯುದ್ಧವನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್. ಅವನ ಏಳು ಲಕ್ಷ ಕಾಲಾಳುಗಳ ಲೆಕ್ಕವನ್ನು ನಾನು ನಂಬುವುದಿಲ್ಲ. ಆದರೆ ಯಾವುದಕ್ಕೆ ಎಷ್ಟು ದುಡ್ಡು ಹೋಯಿತು ಅನ್ನುವುದನ್ನು ಅವನು ವ್ಯಾಪಾರಿಯ ಕಣ್ಣಿನಿಂದ ನೋಡುತ್ತಾನೆ. ನನಗೆ ಬೇಕಾಗಿದ್ದೂ ಅದೇ.

ವ್ಯೂಹದ ನಕ್ಷೆಗೆ ಕೈ ಹಾಕುವ ಮೊದಲು ಮೇವಿನ ಲೆಕ್ಕ ಹಾಕಿದೆ. ಆನೆ ದಿನಕ್ಕೆ 150 ಕಿಲೋವರೆಗೂ ಮೇಯುತ್ತದೆ. ಯಾಳಿಗೂ ಅಷ್ಟೇ ಅಂದರೆ ನೂರು ಯಾಳಿಗೆ ದಿನಕ್ಕೆ 15 ಟನ್! ಪಾಳೆಯ ಒಂದೇ ಕಡೆ ನಾಲ್ಕು ದಿನ ಕೂತರೆ ಸುತ್ತಲಿನ ಹುಲ್ಲು ಸೊಪ್ಪೆಲ್ಲ ಖಾಲಿ. ಅಲ್ಲಿಗೆ ದಂಡು ನದಿಯ ಪಕ್ಕದ ದಾರಿಯನ್ನೇ ಹಿಡಿಯಬೇಕಾಯಿತು, ಹೇರೆತ್ತುಗಳ ಸಾಲಿಗೆ ಕಾವಲು ಬೇಕಾಯಿತು. ನನ್ನ ಶತ್ರು ಸೇನಾಪತಿ ಯಾಳಿಗಳ ತಂಟೆಗೇ ಹೋಗುವುದಿಲ್ಲ, ರಾತ್ರಿ ಹೊತ್ತು ಎತ್ತುಗಳ ಮೇಲೆ ಬೀಳುತ್ತಾನೆ.

ವಿಜಯನಗರಕ್ಕೆ ಒಳ್ಳೆಯ ಕುದುರೆ ಹೋರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಕೃಷ್ಣದೇವರಾಯನಿಗಿಂತ ಮುಂಚೆ ಆಳಿದ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬಾಲ ತಂದು ತೋರಿಸಿದರೆ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಇದನ್ನು ಓದಿದವನು ಸುಮ್ಮನಿರುವುದು ಹೇಗೆ? ಉಪ್ಪು ಹಚ್ಚಿದ ಯಾಳಿ ಬಾಲಗಳ ಕಟ್ಟು ಬಿಚ್ಚಿ ಎಣಿಸುವ ಕರಣಿಕನೊಬ್ಬ ನನ್ನ ಕಥೆಗೆ ಬಂದ. ಒಂದೇ ಬಾಲವನ್ನು ಸೀಳಿ ಎರಡು ಮಾಡಿದ್ದಾರೇನೋ ಅಂತ ಅವನಿಗೆ ಸದಾ ಅನುಮಾನ.

ಫಿರಂಗಿಗಳ ಜಾಗದಲ್ಲಿ ನನ್ನ ಕಥೆಯಲ್ಲಿ ಮಂತ್ರವಾದಿಗಳಿದ್ದಾರೆ. ಫ್ಯಾಂಟಸಿಯಲ್ಲಿ ಮಂತ್ರಕ್ಕೆ ಮಿತಿ ಇಲ್ಲದಿದ್ದರೆ ಯುದ್ಧತಂತ್ರಕ್ಕೆ ಅರ್ಥವೇ ಇರುವುದಿಲ್ಲ. ರಾಯಚೂರಿನಲ್ಲಿ ಆದಿಲ್ ಶಾಹನ ಫಿರಂಗಿಗಳೆಲ್ಲ ಒಟ್ಟಿಗೇ ಗುಂಡು ಹಾರಿಸಿದವು. ವಿಜಯನಗರದ ಮುಂದಿನ ಸಾಲು ಚದುರಿತು, ಬಿಜಾಪುರದವರು ಭದ್ರವಾದ ಜಾಗ ಬಿಟ್ಟು ಬೆನ್ನಟ್ಟಿದರು. ಆಗ ರಾಯ ತನ್ನ ಸಾವನ್ನು ರಾಣಿಯರಿಗೆ ತಿಳಿಸಲೆಂದು ಉಂಗುರ ಕಳಚಿ ಸೇವಕನ ಕೈಗೆ ಕೊಟ್ಟು, ಉಳಿದ ಪಡೆಯೊಂದಿಗೆ ಮುನ್ನುಗ್ಗಿದ. ಎದುರಾಳಿಗಳನ್ನು ಕೃಷ್ಣಾ ನದಿಯವರೆಗೂ ಅಟ್ಟಿದರು. ಒಟ್ಟಿಗೇ ಗುಂಡು ಹಾರಿಸಿದ ಫಿರಂಗಿಗಳಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕಲ್ಲ, ಹಾಗಾಗಿ ನನ್ನ ಮಂತ್ರವಾದಿಗಳಿಗೂ ಒಮ್ಮೆ ಬೆಂಕಿ ಉಗುಳಿದರೆ ಮತ್ತೆ ಜಪ ಮುಗಿಯುವ ತನಕ ಬಿಡುವು ಬೇಕು. ಯುದ್ಧದ ಗೆಲುವು ಸೋಲು ಪೂರ್ತಿಯಾಗಿ ಆ ಬಿಡುವಿನ ಮೇಲೆ ನಿಂತಿದೆ. ಉಂಗುರವನ್ನು ಮಾತ್ರ ಕದಿಯಲಿಲ್ಲ, ಅದು ರಾಯನದೇ ಆಗಿರಲಿ.

ಕೋಟೆ ಮುತ್ತಿಗೆಯ ಅಧ್ಯಾಯ ನನಗೆ ಎಲ್ಲಕ್ಕಿಂತ ಇಷ್ಟ. ರಾಯಚೂರಿನ ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹತ್ತರಿಂದ ಐವತ್ತು ಪಣದವರೆಗೆ (ಪಣ ಅಂದರೆ ಆಗಿನ ಚಿಕ್ಕ ನಾಣ್ಯ) ಕೊಡುತ್ತಿದ್ದರಂತೆ. ಶೌರ್ಯದ ಭಾಷಣಕ್ಕಿಂತ ಇದು ಎಷ್ಟೋ ನಂಬುವಂಥ ಮಾತು. ನನ್ನ ಕಥೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬುರುಜಿನ ಬುಡದಲ್ಲಿ ಒಂದು ದೊಡ್ಡ ಕಲ್ಲನ್ನು ಮೀಟುತ್ತಾ, ಮೇಲಿಂದ ಬಾಣ ಬೀಳುತ್ತಿರುವಾಗಲೇ ಪಾಲಿಗೆ ಜಗಳವಾಡುತ್ತಾರೆ. “ಹಾರೆ ನಂದು ಕಣೋ, ನಂಗೆ ಮೂವತ್ತು!”

ಸೇನೆಯನ್ನು ಅಮರನಾಯಕರ ಪದ್ಧತಿಯಲ್ಲೇ ಕಟ್ಟಿದೆ: ಸೀಮೆ ಅನುಭವಿಸುವ ನಾಯಕ ಇಂತಿಷ್ಟು ದಂಡು ಸಾಕಿ ತರಬೇಕು. ಅವರವರ ಆಳುಗಳು ಅವರವರ ನಾಯಕನ ಮಾತಷ್ಟೇ ಕೇಳುತ್ತಾರೆ. ನಾಯಕ ಬಿದ್ದರೆ ಆ ತುಕಡಿ ಮನೆ ದಾರಿ ಹಿಡಿಯುತ್ತದೆ. ಈ ಕೊನೆಯದು ನಾನೇ ಸೇರಿಸಿದ ನಿಯಮ, ಕಥೆಗೆ ತುಂಬಾ ಉಪಯೋಗಕ್ಕೆ ಬಂತು.

ಈಗ ಎರಡನೇ ಭಾಗ ಬರೆಯುತ್ತಿದ್ದೇನೆ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದ ಮೇಲೆ ಕುದುರೆ ವ್ಯಾಪಾರವೂ ಅವರ ಹಿಡಿತಕ್ಕೆ ಬಂತಲ್ಲ, ಅದೇ ಇದರ ಬೀಜ. ಕಡಲಿಂದ ಬಂದವರು ಯಾಳಿ ಇಳಿಯುವ ರೇವನ್ನು ಹಿಡಿದಿದ್ದಾರೆ. ಎರಡೂ ರಾಜ್ಯಗಳ ರಾಯಭಾರಿಗಳು ಅವರ ಬಾಗಿಲಲ್ಲಿ ಕಾಣಿಕೆ ಹಿಡಿದು ನಿಂತಿದ್ದಾರೆ.