ಎಂಟು ಪದಗಳ ಹಾಳೆ: ಹೆದರಿಸುವ ಕಾದಂಬರಿಯೊಂದನ್ನು ಓದಿಸಿದ ನನ್ನ ಅನುಭವ

ಭಯ ಹುಟ್ಟಿಸುವ ಕಾದಂಬರಿಯನ್ನು ಓದಿ ಮುಗಿಸಿದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರಗಳು ಬರುತ್ತವೆ. ಕೆಲವರು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎನ್ನುತ್ತಾರೆ, ಉಳಿದವರು ಹೆದರುವಂಥದ್ದೇನೂ ಇಲ್ಲ ಎನ್ನುತ್ತಾರೆ. ವಿಲಿಯಂ ಪೀಟರ್ ಬ್ಲ್ಯಾಟಿಯವರು 1971ರಲ್ಲಿ ಪ್ರಕಟಿಸಿದ, ದೆವ್ವ ಹಿಡಿದ ಹುಡುಗಿಯೊಬ್ಬಳ ಕಥೆ ಹೇಳುವ ‘ದಿ ಎಕ್ಸಾರ್ಸಿಸ್ಟ್’ ಕಾದಂಬರಿಯನ್ನು ನಮ್ಮ ಓದುಗರ ಕೂಟದಲ್ಲಿ ಮೊದಲ ಸಲ ಓದಿಸಿದಾಗ ನಾನು ಕೇಳಿದ್ದೂ ಈ ಪ್ರಶ್ನೆಯನ್ನೇ, ಅದೂ ಎಲ್ಲರೂ ಪುಸ್ತಕ ಮುಗಿಸಿ ಒಂದು ವಾರ ಕಳೆದ ಮೇಲೆ. ಅಷ್ಟರಲ್ಲಿ ಭಯ ಆರಿಹೋಗಿ ಅದರ ಜಾಗದಲ್ಲಿ ಅಭಿಪ್ರಾಯ ಬಂದು ಕುಳಿತಿತ್ತು. 1973ರ ಚಲನಚಿತ್ರವನ್ನು ಮೊದಲೇ ನೋಡಿದ್ದವರಂತೂ ಪುಸ್ತಕದ ಬಗ್ಗೆ ಮಾತನಾಡುತ್ತಿದ್ದೇವೆ ಎಂದುಕೊಂಡು ಪರದೆಯ ಮೇಲೆ ಕಂಡದ್ದನ್ನೇ ವರ್ಣಿಸಿದರು. ಇಷ್ಟು ಜನ ಓದುಗರಿದ್ದೂ ಓದುವ ಹೊತ್ತಿನಲ್ಲಿ ಅವರಿಗೆ ನಿಜವಾಗಿ ಏನಾಯಿತು ಎಂಬುದು ನನಗೆ ತಿಳಿಯಲೇ ಇಲ್ಲ ಎಂಬ ಕೊರಗು ಬಹಳ ದಿನ ಉಳಿಯಿತು.

ಎರಡನೆಯ ಸಲ, ಬೇರೆ 11 ಓದುಗರೊಡನೆ, ಕ್ರಮವನ್ನೇ ಬದಲಿಸಿದೆ. ಚಿತ್ರವನ್ನು ನೋಡಿರದವರನ್ನಷ್ಟೇ ಆರಿಸಿಕೊಂಡೆ. ಇಂಗ್ಲಿಷ್ ಮೂಲವನ್ನೇ ಓದುವುದೆಂದೂ ಮಾತುಕತೆ ಕನ್ನಡದಲ್ಲಿ ನಡೆಯಬೇಕೆಂದೂ ಒಪ್ಪಿಕೊಂಡೆವು. ಕಾದಂಬರಿ ಉತ್ತರ ಇರಾಕಿನ ಉತ್ಖನನದ ಪೀಠಿಕೆ, ನಾಲ್ಕು ಭಾಗಗಳು ಮತ್ತು ಒಂದು ಉಪಸಂಹಾರವಾಗಿ ತಾನೇ ಹಂಚಿಕೊಂಡಿರುವುದರಿಂದ ಓದಿನ ಕಂತುಗಳನ್ನು ನಾನು ಕತ್ತರಿಸಬೇಕಾಗಲಿಲ್ಲ. ಪ್ರತಿಯೊಬ್ಬರೂ ಪ್ರತಿ ರಾತ್ರಿ ಪುಸ್ತಕ ಮುಚ್ಚಿದ ಕೂಡಲೇ ಒಂದು ಹಾಳೆ ತುಂಬಬೇಕಿತ್ತು. ಎಷ್ಟು ಗಂಟೆ, ಯಾವ ಪುಟ, ಮನೆಯಲ್ಲಿ ಬೇರೆ ಯಾರಿದ್ದರು, ನಿಲ್ಲಿಸಿದ್ದು ನಿದ್ದೆ ಬಂದುದರಿಂದಲೋ ಅಥವಾ ಮುಂದೆ ಓದಲಾರದೆಯೋ, ಇಷ್ಟನ್ನು ಬರೆಯಬೇಕಿತ್ತು. ‘ಭಯಂಕರ’, ‘ಭೀಕರ’ ಮುಂತಾದ ಪದಗಳನ್ನು ಬಳಸಬಾರದು ಎಂದು ಕೇಳಿಕೊಂಡಿದ್ದೆ.

ಹಾಗಾದರೆ ಯಾವ ಪದಗಳನ್ನು ಬಳಸಬೇಕು ಎಂದು ಒಬ್ಬರು ನ್ಯಾಯವಾಗಿಯೇ ಕೇಳಿದರು. ಆಗ ಕೈಗೆ ಸಿಕ್ಕಿದ್ದು ಭರತನ ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ದನಿ ಬದಲಾಗುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಮನಸ್ಸಿನ ಸ್ಥಿತಿ ಮೈಯಲ್ಲಿ ತಾನಾಗಿ ತೋರುವ ಬಗೆಗಳಿವು. ನಟನಿಗಾಗಿ ಹೇಳಿದ ಪಟ್ಟಿಯನ್ನು ಓದುಗನಿಗೆ ಒಪ್ಪಿಸುವುದು ಸರಿಯೇ ಎಂಬ ಅಳುಕು ನನಗಿತ್ತು. ಆದರೆ ‘ನಿಮಗೆ ಭಯವಾಯಿತೇ?’ ಎಂದರೆ ಮರ್ಯಾದೆಗೆ ಅಂಜಿ ಇಲ್ಲ ಎನ್ನುವವರು ‘ಮೈ ಕೂದಲು ನಿಮಿರಿತೇ?’ ಎಂದರೆ ನೇರವಾಗಿ ಉತ್ತರಿಸುತ್ತಾರೆ. ವೈವರ್ಣ್ಯದ ಸಾಲು ಹೆಚ್ಚಾಗಿ ಖಾಲಿಯೇ ಉಳಿಯಿತು, ಏಕೆಂದರೆ ಒಬ್ಬರೇ ಕುಳಿತು ಓದುವವರಿಗೆ ತಮ್ಮ ಮುಖದ ಬಣ್ಣ ಕಾಣುವುದಿಲ್ಲ. ಪ್ರಲಯದ ಸಾಲಿನಲ್ಲಿ ಯಾರೂ ಏನೂ ಬರೆಯಲಿಲ್ಲ ಎಂಬುದು ಸಮಾಧಾನದ ಸಂಗತಿ.

ಕಥೆಯ ಹಿನ್ನೆಲೆಯನ್ನು ಯಾವಾಗ ಹೇಳಬೇಕೆಂಬುದೂ ಮೊದಲ ಸಲದ ಪಾಠವೇ. 1949ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಬ್ಬ ಹುಡುಗನಿಗೆ ಭೂತೋಚ್ಚಾಟನೆ ನಡೆಸಿದ ಸುದ್ದಿಯನ್ನು ಬ್ಲ್ಯಾಟಿಯವರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಪತ್ರಿಕೆಯಲ್ಲಿ ಓದಿದ್ದರು; ಕಾದಂಬರಿಯ ಬೀಜ ಅದು. ಮೊದಲ ಗುಂಪಿಗೆ ಇದನ್ನು ಆರಂಭದಲ್ಲೇ ತಿಳಿಸಿದ್ದರಿಂದ ಅವರು ‘ಇದು ನಡೆದದ್ದೇ ಅಲ್ಲವೇ’ ಎಂದು ಪುಟ ತೆರೆಯುವ ಮುಂಚೆಯೇ ಹೆದರಿ ಕುಳಿತರು. ಎರಡನೆಯ ಗುಂಪಿಗೆ ಓದು ಮುಗಿಯುವವರೆಗೆ ಹೇಳಲಿಲ್ಲ.

ಹಾಳೆಗಳು ಬರತೊಡಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಸದ್ದಿನ ಪ್ರಸಂಗ. ಬಾಡಿಗೆ ಮನೆಯಲ್ಲಿರುವ ನಟಿ ಕ್ರಿಸ್ ಮ್ಯಾಕ್ನೀಲ್‌ಗೆ ಏನೋ ಬಡಿದಂತೆ ಸದ್ದು ಕೇಳುತ್ತದೆ. ಇಲಿಗಳಿರಬಹುದೆಂದು ಅಟ್ಟದಲ್ಲಿ ಬೋನು ಇಡಿಸುತ್ತಾಳೆ. ಇಲಿ ಇಲ್ಲ ಎಂದು ಕೆಲಸದವನು ಹೇಳುತ್ತಾನೆ. ಅಲ್ಲಿ ನಡೆಯುವುದು ಅಷ್ಟೇ. ಆದರೂ 11 ಮಂದಿಯಲ್ಲಿ ಏಳು ಮಂದಿ ರೋಮಾಂಚಕ್ಕೆ ಗುರುತು ಹಾಕಿದ್ದು ಇಲ್ಲಿ. ಒಬ್ಬರಂತೂ ಪುಸ್ತಕ ಕೆಳಗಿಟ್ಟು ತಮ್ಮ ಮನೆಯ ಮೇಲ್ಛಾವಣಿಗೆ ಬಹಳ ಹೊತ್ತು ಕಿವಿಗೊಟ್ಟಿದ್ದರಂತೆ. ಮಂಚ ಕುಣಿಯುವ ದೃಶ್ಯದಲ್ಲಿ ಇಷ್ಟು ಗುರುತುಗಳಿರಲಿಲ್ಲ. ನನಗೆ ತೋಚಿದ ಕಾರಣ ಸರಳವಾದುದು: ಮಂಚ ಕುಣಿಯುವುದನ್ನು ಓದುಗರು ಯಾರೂ ಕಂಡಿಲ್ಲ, ರಾತ್ರಿ ಮೇಲಿನಿಂದ ಸದ್ದು ಬಂದದ್ದನ್ನು ಕೇಳದವರು ಯಾರೂ ಇಲ್ಲ.

ಈ ಕಾದಂಬರಿ ಹೆಸರಾಗಿರುವುದು ದೆವ್ವ ಹಿಡಿದ ಹುಡುಗಿ, ಕ್ರಿಸ್‌ಳ ಮಗಳು ರೀಗನ್ ಆಡುವ ಮಾತು, ಮಾಡುವ ಕೃತ್ಯಗಳ ಅಸಹ್ಯಕ್ಕೆ. ಎಲ್ಲರೂ ಅಲ್ಲಿಯೇ ಹೆಚ್ಚು ಹೆದರುತ್ತಾರೆಂದು ನಾನು ನಂಬಿದ್ದೆ. ಹಾಳೆಗಳು ಬೇರೆಯೇ ಹೇಳಿದವು. ಆ ಪುಟಗಳಲ್ಲಿ ಹೆಚ್ಚಿನವರಿಗೆ ಹೊಟ್ಟೆ ತೊಳೆಸಿತ್ತು, ಮುಖ ಹಿಂಡಿತ್ತು. ಆದರೆ ರೋಮಾಂಚವಾಗಲಿ ನಡುಕವಾಗಲಿ ಇರಲಿಲ್ಲ. ನಮ್ಮ ಕಾವ್ಯಮೀಮಾಂಸೆ ಭಯಾನಕ ರಸಕ್ಕೆ ಭಯವನ್ನೂ ಬೀಭತ್ಸಕ್ಕೆ ಜುಗುಪ್ಸೆಯನ್ನೂ ಸ್ಥಾಯಿಭಾವವಾಗಿ, ಅಂದರೆ ರಸದ ಮೂಲಭಾವವಾಗಿ, ಬೇರೆ ಬೇರೆ ಇಟ್ಟಿರುವುದನ್ನು ಓದಿ ತಿಳಿದಿದ್ದೆನೇ ಹೊರತು ಅವೆರಡರ ನಡುವಿನ ಗೆರೆ 11 ಜನರ ಕೈಬರಹದಲ್ಲಿ ಪುಟಸಂಖ್ಯೆಗಳೊಡನೆ ಮೂಡುವುದನ್ನು ಅದುವರೆಗೆ ಕಂಡಿರಲಿಲ್ಲ. ಜುಗುಪ್ಸೆಯಾದಾಗ ಪುಸ್ತಕವನ್ನು ದೂರ ತಳ್ಳಿದವರು ಮತ್ತೆ ಬೇಗನೆ ಕೈಗೆತ್ತಿಕೊಂಡಿದ್ದರು. ಭಯವಾದಾಗ ಮಾತ್ರ ಮುಚ್ಚಿದ ಪುಸ್ತಕವನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದಿದ್ದರು.

ಸ್ತಂಭದ ಗುರುತುಗಳು ದಟ್ಟವಾಗಿದ್ದದ್ದು ಎರಡು ಕಡೆ. ಹುಡುಗಿಯ ಚರ್ಮದ ಮೇಲೆ ಸಹಾಯ ಬೇಡುವ ಅಕ್ಷರಗಳು ಮೂಡುವ ದೃಶ್ಯ ಒಂದು. ಅಲ್ಲಿಯವರೆಗೆ ದೆವ್ವದ ದನಿಯೊಂದನ್ನೇ ಕೇಳಿ ಹುಡುಗಿಯನ್ನು ಬಹುಮಟ್ಟಿಗೆ ಮರೆತಿದ್ದ ಓದುಗರಿಗೆ, ಅವಳು ಒಳಗೆ ಇನ್ನೂ ಇದ್ದಾಳೆ, ಎಲ್ಲವನ್ನೂ ಅನುಭವಿಸುತ್ತಿದ್ದಾಳೆ ಎಂಬುದು ಆಗ ಹೊಳೆಯುತ್ತದೆ. ಇನ್ನೊಂದು, ನನಗೆ ಅತ್ಯಂತ ಅನಿರೀಕ್ಷಿತವಾದದ್ದು, ವೈದ್ಯಕೀಯ ಪರೀಕ್ಷೆಗಳ ಭಾಗ. ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ತಲೆಬುರುಡೆಯ ಎಕ್ಸ್-ರೇ, ಬೆನ್ನುಹುರಿಯ ದ್ರವದ ಪರೀಕ್ಷೆ. ಒಂದಾದ ಮೇಲೊಂದು ವರದಿ ಬರುತ್ತದೆ, ಪ್ರತಿಯೊಂದರಲ್ಲೂ ಏನೂ ದೋಷವಿಲ್ಲ, ಮಗು ಮಾತ್ರ ಕಣ್ಣೆದುರೇ ಕೈತಪ್ಪಿ ಹೋಗುತ್ತಿದೆ. ಗುಂಪಿನಲ್ಲಿದ್ದ ತಾಯಂದಿರೆಲ್ಲರೂ ಒಮ್ಮೆಯಾದರೂ ಪುಸ್ತಕ ಮುಚ್ಚಿದ್ದು ಈ ಪುಟಗಳಲ್ಲಿ. ದಾದಿಯಾಗಿ ಕೆಲಸ ಮಾಡುವ ಓದುಗರೊಬ್ಬರು, ಮೆದುಳಿನ ನರಕೋಶಗಳು ಸಂಕೇತ ಪಡೆಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಪ್ರತಿಕಾಯಗಳೇ ದಾಳಿಮಾಡಿ ಉರಿಯೂತ ಉಂಟುಮಾಡುವ ಕಾಯಿಲೆಯನ್ನು ವೈದ್ಯರು 2007ರಲ್ಲಿ ವಿವರಿಸಿದರೆಂದೂ, ಹಠಾತ್ತನೆ ಸ್ವಭಾವವೇ ಬದಲಾಗಿ ಸೆಳವು, ವಿಚಿತ್ರ ಚಲನೆ ಕಾಣಿಸಿಕೊಂಡ ಎಳೆಯ ರೋಗಿಗಳಲ್ಲಿ ಅನೇಕರು ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಾರೆಂದೂ ಹೇಳಿದರು. ಕೂಟ ಬಹಳ ಹೊತ್ತು ಮೌನವಾಗಿತ್ತು.

ಇದು ದೆವ್ವವೇ ಅಥವಾ ಕಾಯಿಲೆಯೇ ಎಂಬ ಚರ್ಚೆಯನ್ನು ನಾನಾಗಿ ಎಬ್ಬಿಸಲಿಲ್ಲ. ಕಾದಂಬರಿಯೇ ಅದನ್ನು ಎಬ್ಬಿಸುತ್ತದೆ. ಪಾದ್ರಿಯೂ ಮನೋವೈದ್ಯನೂ ಆದ ಕರಾಸ್ ಪ್ರತಿ ಲಕ್ಷಣಕ್ಕೂ ಸಹಜ ಕಾರಣ ಹುಡುಕುತ್ತಾನೆ. ಮಾಟಮಂತ್ರದ ಪುಸ್ತಕವೊಂದು ಮನೆಯಲ್ಲೇ ಇತ್ತು, ಹುಡುಗಿ ಓದಿರಬಹುದು. ನಲ್ಲಿ ನೀರನ್ನು ತೀರ್ಥವೆಂದು ಚಿಮುಕಿಸಿದರೂ ಅವಳು ಸುಟ್ಟಂತೆ ಹೊರಳಾಡುತ್ತಾಳೆ. ಅಜ್ಞಾತ ಭಾಷೆ ಎಂದುಕೊಂಡ ಮಾತು ತಿರುವುಮುರುವಾದ ಇಂಗ್ಲಿಷ್ ಎಂದು ಧ್ವನಿಮುದ್ರಿಕೆಯಿಂದ ತಿಳಿಯುತ್ತದೆ. ದೆವ್ವವನ್ನು ನಂಬುವವರೂ ನಂಬದವರೂ ನಮ್ಮ ಗುಂಪಿನಲ್ಲಿದ್ದರು, ಇಬ್ಬರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನಂಬದವರು ಕಡಿಮೆ ಹೆದರಿದ್ದರು ಎನ್ನುವಂತಿರಲಿಲ್ಲ. ಹೆದರಿದ ಪುಟಗಳು ಮಾತ್ರ ಬೇರೆಯಾಗಿದ್ದವು. ನಂಬುವವರಿಗೆ ಕೊನೆಯ ಭಾಗದ ಉಚ್ಚಾಟನೆ ಭಯದ ನಡುವೆಯೂ ಧೈರ್ಯ ಕೊಟ್ಟಿತ್ತು. ನಂಬದವರನ್ನು ಕರಾಸ್‌ನ ವಿವರಣೆಗಳು ಒಂದೊಂದಾಗಿ ಸಾಲದೆ ಹೋಗುವ ಪುಟಗಳು ಕಂಗೆಡಿಸಿದ್ದವು.

ಸ್ವರಭೇದ ದಾಖಲಾದದ್ದು ಒಂದೇ ಹಾಳೆಯಲ್ಲಿ. ಆ ಓದುಗರು ಪತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ದೆವ್ವದ ಮಾತು ಬಂದಾಗ ತಮ್ಮ ದನಿ ತಾನಾಗಿ ಕುಗ್ಗಿತೆಂದೂ ಆ ಸಾಲುಗಳನ್ನು ಬಾಯಿಬಿಟ್ಟು ಹೇಳಲು ಮನಸ್ಸು ಒಪ್ಪಲಿಲ್ಲವೆಂದೂ ಬರೆದಿದ್ದರು. ಅಂದಿನಿಂದ ಈ ಕಾದಂಬರಿಯ ಯಾವ ಭಾಗವನ್ನೂ ಗಟ್ಟಿಯಾಗಿ ಓದಲು ಯಾರನ್ನೂ ಒತ್ತಾಯಿಸಿಲ್ಲ.

ಒಬ್ಬ ಓದುಗರ ಹಾಳೆಗಳು ಪರೀಕ್ಷೆಗಳ ಭಾಗದಲ್ಲಿಯೇ ನಿಂತುಹೋದವು. ಮಗುವಿನ ಬಾಯಲ್ಲಿ ಅಶ್ಲೀಲ ಮಾತುಗಳಿವೆ, ಹಿಂಸೆಯಿದೆ ಎಂದು ನಾನು ಮೊದಲೇ ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದೆ. ಕಾಯಿಲೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ವಿಚಾರಿಸಲು ಫೋನ್ ಮಾಡಿದಾಗ ಅವರು ತಮ್ಮ ತಮ್ಮನ ವಿಷಯ ಹೇಳಿದರು. ಅವನ ನಡತೆ ಬದಲಾದ ಎರಡು ವರ್ಷ ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದರು. ‘ನಿಮಗೆಲ್ಲ ಅದು ದೆವ್ವ ಬರುವುದಕ್ಕೆ ಮುಂಚಿನ ಭಾಗ. ನಮ್ಮ ಮನೆಯಲ್ಲಿ ಕಥೆ ಅಲ್ಲಿಗೇ ನಿಂತಿತ್ತು’ ಎಂದರು. ನನ್ನ ಎಚ್ಚರಿಕೆಯ ಪತ್ರದಲ್ಲಿ ಈಗ ಮೊದಲ ಸಾಲು ಕಾಯಿಲೆಯ ಬಗ್ಗೆ ಇದೆ, ಮತ್ತು ಯಾವ ಹಂತದಲ್ಲಿಯೂ ಕಾರಣ ಹೇಳದೆ ಓದು ನಿಲ್ಲಿಸಬಹುದು ಎಂಬುದು ಎರಡನೆಯ ಸಾಲು.

ಕೊನೆಯ ಸಭೆಗೆ ಅವರು ಬಂದರು. ಪುಸ್ತಕ ಮುಗಿಸಿರಲಿಲ್ಲ, ಮುಗಿಸುವ ಉದ್ದೇಶವೂ ಇರಲಿಲ್ಲ. ಮಗುವಿಗೆ ಏನಾಯಿತೆಂದು ತಿಳಿದುಕೊಂಡರೆ ಸಾಕು ಎಂದರು. ಗುಣವಾಯಿತು, ನಡೆದದ್ದು ಅವಳಿಗೆ ಏನೂ ನೆನಪಿಲ್ಲ ಎಂದೆ.

‘ತಾಯಿಗೆ?’ ಎಂದು ಕೇಳಿದರು.

ತಾಯಿಗೆ ಎಲ್ಲವೂ ನೆನಪಿದೆ ಎಂದೆ. ಅವರು ತಲೆಯಾಡಿಸಿ, ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ತೆಗೆದುಕೊಂಡು, ಪುಟಸಂಖ್ಯೆಯ ಜಾಗವನ್ನು ಹಾಗೆಯೇ ಬಿಟ್ಟು, ಅಶ್ರುವಿನ ಮುಂದೆ ಗುರುತು ಹಾಕಿ ನನ್ನ ಕೈಗೆ ಕೊಟ್ಟರು.